ವಾದ್ಯವಿಲ್ಲದ ಸಂಗೀತಗಾರ: ಜುಬಿನ್ ಮೆಹ್ತಾ ಮತ್ತು ಕಂಡಕ್ಟರ್ ಎಂಬ ಕೆಲಸ

ಸಿಂಫನಿ ಆರ್ಕೆಸ್ಟ್ರಾದ ವೇದಿಕೆಯ ಮೇಲೆ ಎಂಬತ್ತೋ ನೂರೋ ಜನ ಕೂತಿರುತ್ತಾರೆ. ಪಿಟೀಲು, ಚೆಲ್ಲೊ, ಕೊಳಲು, ಟ್ರಂಪೆಟ್, ಡ್ರಮ್ಮು, ಹೀಗೆ ಎಲ್ಲರ ಹತ್ತಿರವೂ ಒಂದೊಂದು ವಾದ್ಯ. ಒಬ್ಬರು ಮಾತ್ರ ನಮಗೆ ಬೆನ್ನು ಹಾಕಿ ನಿಂತಿರುತ್ತಾರೆ. ಅವರೇ ಕಂಡಕ್ಟರ್. ಅವರ ಕೈಯಲ್ಲಿ ಬೇಟನ್ ಅನ್ನುವ ಒಂದು ಸಣ್ಣ ಕಡ್ಡಿ. ಇಡೀ ಸಂಜೆ ಅವರಿಂದ ಒಂದು ಸ್ವರವೂ ಹೊರಡುವುದಿಲ್ಲ. ಆದರೂ ಪೋಸ್ಟರಿನಲ್ಲಿ ದೊಡ್ಡದಾಗಿ ಇರುವುದು ಅವರ ಮುಖವೇ. ಸಂಬಳವೂ ಸಾಮಾನ್ಯವಾಗಿ ಅವರಿಗೇ ಜಾಸ್ತಿ.

ಇದೆಂಥಾ ನ್ಯಾಯ ಅಂತ ಅನ್ನಿಸಿದರೆ ತಪ್ಪೇನಿಲ್ಲ. ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೇ ಎಷ್ಟೋ ಸಲ ಹಾಗನ್ನಿಸುತ್ತದೆ. 1922ರಲ್ಲಿ ಮಾಸ್ಕೋದಲ್ಲಿ ಒಂದು ಆರ್ಕೆಸ್ಟ್ರಾ ಕಂಡಕ್ಟರೇ ಬೇಡ ಅಂತ ತೀರ್ಮಾನಿಸಿ ಹತ್ತು ವರ್ಷ ನಡೆಯಿತು. ಹೆಸರು ಪೆರ್ಸಿಮ್ಫಾನ್ಸ್. ಒಬ್ಬ ಯಜಮಾನ ಎಲ್ಲರನ್ನೂ ಆಳುವುದು ಕ್ರಾಂತಿಯ ನಂತರದ ಕಾಲಕ್ಕೆ ಒಪ್ಪುವುದಿಲ್ಲ ಅನ್ನುವುದು ಅವರ ವಾದ. ಚೆನ್ನಾಗಿಯೇ ನುಡಿಸಿದರು. ಆದರೆ ಒಬ್ಬರನ್ನೊಬ್ಬರು ನೋಡಿಕೊಂಡು, ಚರ್ಚೆ ಮಾಡಿಕೊಂಡು ಒಂದು ಕೃತಿ ಕೂಡಿಸಲು ಬಹಳ ರಿಹರ್ಸಲ್ ಬೇಕಾಗುತ್ತಿತ್ತು. ಇವತ್ತು ಹಾಗೆ ನಡೆಯುವ ತಂಡಗಳು ಹೆಚ್ಚಾಗಿ ಚಿಕ್ಕವು. 1972ರಲ್ಲಿ ಶುರುವಾದ ನ್ಯೂಯಾರ್ಕಿನ ಆರ್ಫಿಯಸ್ ತಂಡ ಅಂಥದ್ದು.

ನಮ್ಮ ಕಛೇರಿಯಲ್ಲಿ ಕಂಡಕ್ಟರ್ ಇರುವುದಿಲ್ಲ ಅಲ್ವಾ? ಬೇಕಾಗುವುದೂ ಇಲ್ಲ. ನಾಲ್ಕೈದು ಜನ ಕೈಗೆಟಕುವಷ್ಟು ಹತ್ತಿರ ಕೂತಿರುತ್ತಾರೆ. ಹಾಡುವವರು ತಾಳ ಹಾಕುತ್ತಾರೆ, ಮೃದಂಗದವರು ಕಿವಿಯಲ್ಲೇ ಹಿಡಿಯುತ್ತಾರೆ. ನೂರು ಜನರ ಗುಂಪಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಿಂದಿನ ಸಾಲಿನ ಟ್ರಂಪೆಟ್ಟಿಗೂ ಮುಂದಿನ ಪಿಟೀಲಿಗೂ 15 ಮೀಟರ್ ದೂರ ಇದ್ದರೆ ಶಬ್ದ ಅಷ್ಟು ದೂರ ಬರಲು ಸುಮಾರು 44 ಮಿಲಿಸೆಕೆಂಡ್ ಬೇಕು. ಕಿವಿಯನ್ನೇ ನಂಬಿ ನುಡಿಸಿದರೆ ಹಿಂದಿನವರು ತಡವಾಗುತ್ತಾರೆ. ಕಣ್ಣಿಗೆ ಆ ತೊಂದರೆ ಇಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಒಬ್ಬರು ಕೈ ಆಡಿಸುತ್ತಾರೆ. ಆ ಕೈ ಯಾವಾಗಲೂ ಶಬ್ದಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ. ನೀವು ಈಗ ಕೇಳುತ್ತಿರುವುದು ಕಂಡಕ್ಟರ್ ಆಗಲೇ ತೋರಿಸಿ ಮುಗಿಸಿದ್ದು.

ಕೈ ಆಡಿಸುವುದು ಕೆಲಸದ ಚಿಕ್ಕ ಭಾಗ. ನುಡಿಸುವವರ ಮುಂದೆ ಅವರವರ ಸಾಲು ಮಾತ್ರ ಬರೆದ ಹಾಳೆ ಇರುತ್ತದೆ. ಎಲ್ಲ ಸಾಲುಗಳೂ ಒಂದರ ಕೆಳಗೊಂದು ಬರೆದಿರುವ ಪೂರ್ತಿ ಪುಸ್ತಕ, ಅಂದರೆ ಸ್ಕೋರ್, ಇರುವುದು ಕಂಡಕ್ಟರ್ ಹತ್ತಿರ ಮಾತ್ರ. ಒಂದೇ ಪುಟದಲ್ಲಿ ಇಪ್ಪತ್ತು ಸಾಲು ಇರಬಹುದು. ಕೆಲವು ವಾದ್ಯಗಳಲ್ಲಿ ಬರೆದಿರುವುದು ಒಂದು, ಕೇಳಿಸುವುದು ಇನ್ನೊಂದು. ಬಿ-ಫ್ಲಾಟ್ ಕ್ಲಾರಿನೆಟ್ಟಿನ ಹಾಳೆಯಲ್ಲಿ ಸಿ ಅಂತಿದ್ದರೆ ಹೊರಡುವುದು ಬಿ-ಫ್ಲಾಟ್. ಇದನ್ನೆಲ್ಲ ಕಣ್ಣಲ್ಲೇ ಓದಿ ತಲೆಯೊಳಗೆ ಕೇಳಿಸಿಕೊಳ್ಳಬೇಕು. ವೇಗ ಎಷ್ಟು, ಯಾರು ತಗ್ಗಬೇಕು, ಯಾರು ಎದ್ದು ಕೇಳಿಸಬೇಕು ಅಂತ ರಿಹರ್ಸಲ್ಲಿಗೆ ಬರುವ ಮೊದಲೇ ನಿರ್ಧರಿಸಿರಬೇಕು. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಒಂದು ಕಾರ್ಯಕ್ರಮಕ್ಕೆ ಸಿಗುವುದು ಮೂರೋ ನಾಲ್ಕೋ ರಿಹರ್ಸಲ್. ಒಂದೊಂದು ಸುಮಾರು ಎರಡೂವರೆ ಗಂಟೆ. ಅಲ್ಲಿ ನಿಂತು ಯೋಚನೆ ಮಾಡಲು ಟೈಮಿಲ್ಲ.

ಈ ವೃತ್ತಿಯ ಬೇರೆಲ್ಲ ವಿಚಿತ್ರಗಳಿಗೂ ಬೇರು ಒಂದೇ. ಪಿಟೀಲು ಕಲಿಯುವ ಹುಡುಗಿ ದಿನಕ್ಕೆ ಆರು ಗಂಟೆ ಮನೆಯಲ್ಲೇ ಸಾಧನೆ ಮಾಡಬಹುದು. ಕಂಡಕ್ಟರ್ ಆಗಬೇಕು ಅನ್ನುವವರು ಏನು ಮಾಡಬೇಕು? ಅವರ ವಾದ್ಯ ಅಂದರೆ ಸಂಬಳಕ್ಕೆ ದುಡಿಯುವ ನೂರು ಮನುಷ್ಯರು. ಅವರನ್ನು ಒಂದು ಗಂಟೆ ಎದುರಿಗೆ ಕೂರಿಸುವುದಕ್ಕೂ ದುಡ್ಡು, ಹಾಲು, ಯೂನಿಯನ್ನಿನ ಒಪ್ಪಿಗೆ ಎಲ್ಲ ಬೇಕು. ಕನ್ನಡಿ ಮುಂದೆ ಕೈ ಬೀಸಿದರೆ ಕನ್ನಡಿ ತಿರುಗಿ ಏನೂ ಹೇಳುವುದಿಲ್ಲ. ಹಾಗಾಗಿ ಕಂಡಕ್ಟರ್ ಒಬ್ಬರ ಜೀವನಚರಿತ್ರೆ ಅಂದರೆ ಬಹುಪಾಲು ಆರ್ಕೆಸ್ಟ್ರಾ ಸಿಗುವಂತೆ ಮಾಡಿಕೊಂಡ ಕಥೆ. ಊರೂರು, ದೇಶ ದೇಶ ಅಲೆಯುವುದೂ ಅದಕ್ಕೇ. ಜುಬಿನ್ ಮೆಹ್ತಾ ಅವರ ದಾರಿ ಹಿಡಿದು ಹೋದರೆ ಇದು ಸಲೀಸಾಗಿ ಅರ್ಥವಾಗುತ್ತದೆ.

ಬೊಂಬಾಯಿಂದ ವಿಯೆನ್ನಾಕ್ಕೆ

ಮೆಹ್ತಾ ಹುಟ್ಟಿದ್ದು 1936ರ ಏಪ್ರಿಲ್ 29ರಂದು, ಬೊಂಬಾಯಿಯ ಪಾರ್ಸಿ ಮನೆತನದಲ್ಲಿ. ಅಪ್ಪ ಮೆಹ್ಲಿ ಮೆಹ್ತಾ ಪಿಟೀಲು ವಾದಕರು. ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಕಂಡಕ್ಟರ್ ಆಗಬೇಕಾದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಅದೃಷ್ಟ ಬೇರೆ ಇರಲಾರದು. ಮನೆಯಲ್ಲೇ ರಿಹರ್ಸಲ್ ನಡೆಯುತ್ತಿತ್ತು, ಸ್ಕೋರುಗಳಿದ್ದವು. ಎಳೆ ವಯಸ್ಸಿನಲ್ಲೇ ಅಪ್ಪನ ಆರ್ಕೆಸ್ಟ್ರಾದ ಮುಂದೆ ನಿಂತು ರಿಹರ್ಸಲ್ ನಡೆಸಿದ ಅನುಭವವೂ ಆಯಿತು. ಬೇರೆ ಮಕ್ಕಳಿಗೆ ಸಿಗದ ವಾದ್ಯ ಇವರಿಗೆ ಮನೆಯಲ್ಲೇ ಸಿಕ್ಕಿತ್ತು ಅನ್ನಬಹುದು.

ಮನೆಯವರ ಆಸೆ ಮಗ ಡಾಕ್ಟರಾಗಲಿ ಅಂತ. ಇದು ಎಲ್ಲ ಕಡೆ ಇರುವ ಕಥೆಯೇ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಮೆಡಿಕಲ್ ಓದಿಗೆ ಬೇಕಾದ ತಯಾರಿ ಶುರುವಾಯಿತು. ಅದನ್ನು ಅರ್ಧಕ್ಕೆ ಬಿಟ್ಟು, 1954ರಲ್ಲಿ, 18ರ ವಯಸ್ಸಿನಲ್ಲಿ ಅವರು ವಿಯೆನ್ನಾ ಸೇರಿದರು. ಅಲ್ಲಿಯ ಮ್ಯೂಸಿಕ್‌ಫೆರೈನ್ ಹಾಲಿನಲ್ಲಿ ಮೊದಲು ಕೇಳಿದ್ದು ಕಾರ್ಲ್ ಬೋಮ್ ನಡೆಸಿಕೊಟ್ಟ ಬ್ರಾಮ್ಸ್‌ನ ಮೊದಲನೇ ಸಿಂಫನಿ. ನುಡಿಸಿದ್ದು ವಿಯೆನ್ನಾ ಫಿಲ್ಹಾರ್ಮೋನಿಕ್. ಅವತ್ತು ಕಿವಿಗೆ ಬಿದ್ದ ನಾದವೇ ತಮಗೆ ಮುಂದೆ ಅಳತೆಗೋಲಾಯಿತು ಅಂತ ಅವರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ.

ಗುರು ಹಾನ್ಸ್ ಸ್ವಾರೋವ್ಸ್ಕಿ. ಕೈಯ ಅಂದಚಂದಕ್ಕಿಂತ ಕೃತಿಯ ಕಟ್ಟಡ ಮುಖ್ಯ ಅನ್ನುವ ಮೇಷ್ಟ್ರು. ಅವರ ಹತ್ತಿರ ಕಲಿತ ಇನ್ನೊಬ್ಬ ಹುಡುಗ ಇಟಲಿಯ ಕ್ಲಾಡಿಯೊ ಅಬ್ಬಾಡೊ. ಮುಂದೆ ಬರ್ಲಿನ್ ಫಿಲ್ಹಾರ್ಮೋನಿಕ್ಕಿನ ಮುಖ್ಯಸ್ಥರಾದರು. ಇಬ್ಬರಿಗೂ ಒಂದೇ ಚಡಪಡಿಕೆ. ದೊಡ್ಡ ಕಂಡಕ್ಟರುಗಳ ಕಛೇರಿಯನ್ನು ಟಿಕೆಟ್ ಕೊಂಡು ನೋಡಬಹುದು, ಆದರೆ ಬೆನ್ನು ಮಾತ್ರ ಕಾಣುತ್ತದೆ. ನಿಜವಾದ ಕೆಲಸ ನಡೆಯುವುದು ರಿಹರ್ಸಲ್ಲಿನಲ್ಲಿ. ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ. ಇಬ್ಬರೂ ಒಂದು ಉಪಾಯ ಮಾಡಿದರು. ಸಿಂಗ್‌ಫೆರೈನ್ ಅನ್ನುವ ಗಾಯನ ವೃಂದಕ್ಕೆ ಸೇರಿಕೊಂಡರು. ಗಾಯಕರು ನಿಲ್ಲುವುದು ಆರ್ಕೆಸ್ಟ್ರಾದ ಹಿಂದೆ, ಕಂಡಕ್ಟರಿಗೆ ಮುಖ ಮಾಡಿಕೊಂಡು. ಹಾಗೆ ಹರ್ಬರ್ಟ್ ಫಾನ್ ಕರಾಯನ್, ಬ್ರೂನೋ ವಾಲ್ಟರ್ ಅಂಥವರು ಕೆಲಸ ಮಾಡುವುದನ್ನು ಎದುರಿನಿಂದಲೇ ನೋಡಿ ಕಲಿತರು. ಮೆಹ್ತಾ ಜೊತೆಗೆ ಡಬಲ್ ಬೇಸ್ ನುಡಿಸಲು ಕಲಿತರು. ಅದರಿಂದ ಆರ್ಕೆಸ್ಟ್ರಾದೊಳಗೇ ಕೂತು ನೋಡುವ ಅವಕಾಶ ಸಿಕ್ಕಿತು. ನೂರು ಜನರ ನಡುವೆ ಕೂತವರಿಗೆ ಕಂಡಕ್ಟರ್ ಯಾವಾಗ ಉಪಯೋಗಕ್ಕೆ ಬರುತ್ತಾರೆ, ಯಾವಾಗ ಸುಮ್ನೆ ಅಡ್ಡ ಬರುತ್ತಾರೆ ಅನ್ನುವುದು ಬೇಗ ಗೊತ್ತಾಗುತ್ತದೆ.

1956ರಲ್ಲಿ ಹಂಗೇರಿಯಲ್ಲಿ ದಂಗೆಯಾಗಿ ನಿರಾಶ್ರಿತರು ಗಡಿ ದಾಟಿ ಆಸ್ಟ್ರಿಯಾಕ್ಕೆ ಬಂದರು. ಮೆಹ್ತಾ ಕೆಲವೇ ದಿನಗಳಲ್ಲಿ ವಿದ್ಯಾರ್ಥಿಗಳ ಒಂದು ಆರ್ಕೆಸ್ಟ್ರಾ ಕೂಡಿಸಿ ವಿಯೆನ್ನಾ ಹೊರಗಿನ ಶಿಬಿರದಲ್ಲಿ ಕಾರ್ಯಕ್ರಮ ಕೊಟ್ಟರು. ಒಳ್ಳೆಯ ಮನಸ್ಸಿನ ಕೆಲಸ, ನಿಜ. ಒಂದು ಆರ್ಕೆಸ್ಟ್ರಾ ಕೈಗೆ ಸಿಕ್ಕಿದ್ದೂ ಅಷ್ಟೇ ನಿಜ. ಮುಂದೆ ಅವರ ಜೀವನದುದ್ದಕ್ಕೂ ಈ ಎರಡು ಸಂಗತಿ ಜೊತೆಯಲ್ಲೇ ಬರುತ್ತವೆ.

ಯಾರಿಗೋ ಹುಷಾರಿಲ್ಲ, ನೀವು ಬರ್ತೀರಾ?

ಓದು ಮುಗಿದ ಮೇಲೆ ಮುಂದೇನು? ಜರ್ಮನ್ ನಾಡುಗಳಲ್ಲಿ ಹಳೆಯ ದಾರಿ ಒಂದಿದೆ. ಸಣ್ಣ ಊರಿನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮನೆಯಲ್ಲಿ ಗಾಯಕರಿಗೆ ಪಿಯಾನೊ ನುಡಿಸಿ ಪಾಠ ಹೇಳುವ ಕೆಲಸಕ್ಕೆ ಸೇರುವುದು, ಮೆಲ್ಲಗೆ ಕಂಡಕ್ಟ್ ಮಾಡುವ ಅವಕಾಶ ಪಡೆಯುವುದು, ಆಮೇಲೆ ದೊಡ್ಡ ಊರಿಗೆ ಬಡ್ತಿ. ಕರಾಯನ್ ಶುರು ಮಾಡಿದ್ದು 1929ರಲ್ಲಿ ಉಲ್ಮ್ ಅನ್ನುವ ಊರಿನಲ್ಲಿ. ಅಲ್ಲಿಂದ ಆಕನ್, ಅಲ್ಲಿಂದ ಬರ್ಲಿನ್. ಹೊರದೇಶದ ಹುಡುಗರಿಗೆ ಹತ್ತಿರದ ದಾರಿ ಸ್ಪರ್ಧೆ. ಜಪಾನಿನ ಸೇಜಿ ಒಜಾವಾ 1959ರಲ್ಲಿ ಫ್ರಾನ್ಸಿನ ಬೆಸಾಂಸೊನ್ ಸ್ಪರ್ಧೆ ಗೆದ್ದರು. ವೆನೆಜುವೆಲಾದ ಗುಸ್ತಾವೊ ದುದಾಮೆಲ್ 2004ರಲ್ಲಿ ಬಾಂಬರ್ಗಿನ ಮಾಹ್ಲರ್ ಸ್ಪರ್ಧೆ ಗೆದ್ದರು. ಮೆಹ್ತಾ ಗೆದ್ದಿದ್ದು 1958ರ ಲಿವರ್‌ಪೂಲ್ ಸ್ಪರ್ಧೆ. ಬಹುಮಾನ ಅಂದರೆ ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಒಂದು ವರ್ಷದ ಸಹಾಯಕ ಕಂಡಕ್ಟರ್ ಕೆಲಸ. ಇಂಥ ಸ್ಪರ್ಧೆಗಳಲ್ಲಿ ದುಡ್ಡಿಗಿಂತ ಬೆಲೆಬಾಳುವುದು ಅದೇ, ನಿಜವಾದ ಆರ್ಕೆಸ್ಟ್ರಾದ ಮುಂದೆ ನಿಲ್ಲುವ ಗಂಟೆಗಳು.

ಆದರೆ ಹೆಸರು ಬಂದಿದ್ದು ಸ್ಪರ್ಧೆಯಿಂದ ಅಲ್ಲ. ಬೇರೆಯವರ ಕಾಯಿಲೆಯಿಂದ. ಕೇಳಲು ಒರಟಾಗಿದೆ, ಆದರೆ ಈ ಲೋಕದಲ್ಲಿ ಇದು ಮಾಮೂಲು. ಕಾರ್ಯಕ್ರಮದ ಟಿಕೆಟ್ ಮಾರಿ ಆಗಿದೆ, ನೂರು ಜನರಿಗೆ ಸಂಬಳ ಕೊಡಲೇಬೇಕು, ಕಂಡಕ್ಟರ್ ಜ್ವರ ಬಂದು ಮಲಗಿದ್ದಾರೆ. ಏಜೆಂಟರು ಊರೂರಿಗೆ ಫೋನು ಮಾಡುತ್ತಾರೆ. ಯಾರಿಗೆ ಆ ಕೃತಿಗಳು ಬರುತ್ತವೆ, ಯಾರು ಇವತ್ತು ಖಾಲಿ ಇದ್ದಾರೆ? ಹೂಂ ಅಂದವರಿಗೆ ಅವಕಾಶ. 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಇಟಲಿಯ ಒಪೆರಾ ತಂಡವೊಂದರಲ್ಲಿ ಕಂಡಕ್ಟರ್ ವಿಷಯಕ್ಕೆ ಗಲಾಟೆಯಾದಾಗ 19ರ ಚೆಲ್ಲೊ ವಾದಕನೊಬ್ಬ ಎದ್ದು ಹೋಗಿ ‘ಆಯಿದಾ’ ಒಪೆರಾವನ್ನು ನೆನಪಿನಿಂದಲೇ ನಡೆಸಿಕೊಟ್ಟ. ಅವನೇ ಆರ್ತುರೊ ಟೋಸ್ಕನಿನಿ. 1943ರ ನವೆಂಬರ್ 14ರಂದು ಬ್ರೂನೋ ವಾಲ್ಟರಿಗೆ ಫ್ಲೂ ಬಂತು. ರಿಹರ್ಸಲ್ಲೇ ಇಲ್ಲದೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಮುಂದೆ ನಿಂತವರು 25ರ ಲೆನರ್ಡ್ ಬರ್ನ್‌ಸ್ಟೈನ್. ಆ ಕಾರ್ಯಕ್ರಮ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸುತ್ತಿತ್ತು. ಮಾರನೇ ದಿನ ಅವರು ಪತ್ರಿಕೆಯ ಮುಖಪುಟದಲ್ಲಿದ್ದರು.

ಮೆಹ್ತಾಗೆ ಇದು ಒಂದರ ಹಿಂದೊಂದು ನಡೆಯಿತು. 1960ರಲ್ಲಿ ಮಾಂಟ್ರಿಯಲ್‌ನಲ್ಲಿ ಇಗೋರ್ ಮಾರ್ಕೆವಿಚ್ ಬದಲಿಗೆ ಹೋದರು. ಬೇಗನೇ ಆ ಆರ್ಕೆಸ್ಟ್ರಾದ ಮುಖ್ಯಸ್ಥರಾದರು. 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫ್ರಿಟ್ಜ್ ರೈನರ್ ಬದಲಿಗೆ, ಅದೇ ವರ್ಷ ಇಸ್ರೇಲಿನಲ್ಲಿ ಯೂಜೀನ್ ಓರ್ಮಂಡಿ ಬದಲಿಗೆ. ಬದಲಿಯಾಗಿ ಕಾಲಿಟ್ಟ ಮೂರೂ ಕಡೆ ಆರ್ಕೆಸ್ಟ್ರಾ ಕೊನೆಗೆ ಅವರ ಕೈಗೇ ಬಂತು. ಅದೃಷ್ಟದ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಕರೆ ಬರುವುದು ಅದೃಷ್ಟ. ಕರೆ ಬಂದಾಗ ಆ ದೊಡ್ಡ ಕೃತಿ ತಲೆಯಲ್ಲಿ ಸಿದ್ಧ ಇರುವುದು ವಿಯೆನ್ನಾದ ವರ್ಷಗಳ ಫಲ. ಸ್ಕೋರ್ ನೋಡದೆ ನೆನಪಿನಿಂದ ನಡೆಸುವುದಕ್ಕೆ ಮೆಹ್ತಾ ಮೊದಲಿನಿಂದಲೂ ಹೆಸರುವಾಸಿ.

ಲಾಸ್ ಏಂಜಲೀಸ್ ಕಥೆಯಲ್ಲಿ ಸ್ವಲ್ಪ ಖಾರವೂ ಇದೆ. ಆ ಆರ್ಕೆಸ್ಟ್ರಾಕ್ಕೆ ಹಂಗೇರಿ ಮೂಲದ ಜಾರ್ಜ್ ಶೋಲ್ಟಿ ಮುಖ್ಯಸ್ಥರಾಗಿ ಬರುವುದೆಂದು ಆಗಲೇ ಗೊತ್ತಾಗಿತ್ತು. ಮೆಹ್ತಾರ ಕಾರ್ಯಕ್ರಮ ಕೇಳಿ ಖುಷಿಯಾದ ಆಡಳಿತ ಮಂಡಳಿ ಶೋಲ್ಟಿಯನ್ನು ಕೇಳದೆಯೇ ಇವರನ್ನು ಸಹಾಯಕ ಕಂಡಕ್ಟರ್ ಮಾಡಿಬಿಟ್ಟಿತು. ನನ್ನ ಮನೆಗೆ ನನ್ನನ್ನು ಕೇಳದೆ ಆಳು ಇಟ್ಟರೆ ಹೇಗೆ ಅಂತ ಶೋಲ್ಟಿ ರಾಜೀನಾಮೆ ಕೊಟ್ಟರು. ಇಡೀ ಜಾಗ 26ರ ಮೆಹ್ತಾಗೆ ಬಂತು. 1962ರಿಂದ 1978ರವರೆಗೆ ಅವರು ಅಲ್ಲಿದ್ದರು. 1967ರವರೆಗೆ ಮಾಂಟ್ರಿಯಲ್ ಕೂಡ ಜೊತೆಗಿತ್ತು. ಉತ್ತರ ಅಮೆರಿಕದಲ್ಲಿ ಎರಡು ದೊಡ್ಡ ಆರ್ಕೆಸ್ಟ್ರಾಗಳನ್ನು ಒಟ್ಟಿಗೆ ಹಿಡಿದವರಲ್ಲಿ ಅವರೇ ಮೊದಲಿಗರು.

ಯಾರ ದುಡ್ಡು, ಯಾರ ಮಾತು

ಇಲ್ಲಿ ಹುದ್ದೆಗಳ ಲೆಕ್ಕ ಸ್ವಲ್ಪ ಬಿಡಿಸಿಕೊಳ್ಳಬೇಕು. ಮ್ಯೂಸಿಕ್ ಡೈರೆಕ್ಟರ್ ಅಂದಕೂಡಲೇ ನಮಗೆ ಸಿನಿಮಾ ನೆನಪಾಗುತ್ತದೆ. ಇಲ್ಲಿ ಆ ಹೆಸರು ಆರ್ಕೆಸ್ಟ್ರಾದ ಸಂಗೀತದ ಯಜಮಾನರದು. ಯಾವ ಕೃತಿ ನುಡಿಸಬೇಕು, ಯಾರನ್ನು ಕರೆಸಬೇಕು, ಖಾಲಿಯಾದ ಕುರ್ಚಿಗೆ ಯಾವ ವಾದಕರು ಅನ್ನುವುದರಲ್ಲೆಲ್ಲ ಅವರ ಮಾತು ನಡೆಯುತ್ತದೆ. ಆದರೂ ಅವರು ವರ್ಷವಿಡೀ ಅಲ್ಲಿರುವುದಿಲ್ಲ. ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ವಾರದ ಒಪ್ಪಂದ. ಉಳಿದ ವಾರಗಳನ್ನು ಅತಿಥಿ ಕಂಡಕ್ಟರುಗಳು ತುಂಬುತ್ತಾರೆ. ಅವರು ಒಂದು ವಾರಕ್ಕೆ ಬಂದು, ರಿಹರ್ಸಲ್ ಮಾಡಿಸಿ, ಅದೇ ಕಾರ್ಯಕ್ರಮವನ್ನು ಎರಡು ಮೂರು ಸಂಜೆ ಕೊಟ್ಟು ಮುಂದಿನ ಊರಿಗೆ ಹಾರುತ್ತಾರೆ. ನಮ್ಮ ಯಜಮಾನರೂ ಉಳಿದ ತಿಂಗಳುಗಳಲ್ಲಿ ಬೇರೆ ಕಡೆ ಇಂಥ ಅತಿಥಿಗಳೇ. ಎರಡು ಮೂರು ವರ್ಷ ಮುಂಚೆಯೇ ಡೈರಿ ತುಂಬಿರುತ್ತದೆ.

ಅಮೆರಿಕದಲ್ಲಿ ಆರ್ಕೆಸ್ಟ್ರಾ ನಡೆಯುವುದು ಹೆಚ್ಚಾಗಿ ದಾನಿಗಳ ದುಡ್ಡಿನಿಂದ. ಆದ್ದರಿಂದ ಅಲ್ಲಿಯ ಕಂಡಕ್ಟರ್ ಊಟದ ಕೂಟಗಳಲ್ಲಿ ಶ್ರೀಮಂತರ ಕೈ ಕುಲುಕಲೂ ತಿಳಿದಿರಬೇಕು. ಲಾಸ್ ಏಂಜಲೀಸ್‌ನಲ್ಲಿ ಡೊರತಿ ಚಾಂಡ್ಲರ್ ಅನ್ನುವ ಹೆಂಗಸು ಹಟ ಹಿಡಿದು ದುಡ್ಡು ಕೂಡಿಸಿ ಹೊಸ ಹಾಲ್ ಕಟ್ಟಿಸಿದರು. 1964ರ ಡಿಸೆಂಬರಿನಲ್ಲಿ ಅದರ ಮೊದಲ ಕಾರ್ಯಕ್ರಮ ನಡೆಸಿದ್ದು ಮೆಹ್ತಾ. ಸುಂದರ, ಯುವಕ, ಮಾತುಗಾರ. ಟಿಕೆಟ್ ಮಾರುವುದಕ್ಕೆ ಅವರ ಮುಖವೂ ನೆರವಾಯಿತು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಜರ್ಮನಿಯಲ್ಲಿ ಖರ್ಚಿನ ದೊಡ್ಡ ಪಾಲು ಸರ್ಕಾರ ಮತ್ತು ನಗರಸಭೆಗಳದು. ಅಲ್ಲಿ ಕಂಡಕ್ಟರಿಗೆ ರಾಜಕಾರಣಿಗಳ ಜೊತೆ ಏಗುವ ಕೆಲಸ.

ದಾನಿಗಳ ವಿಷಯ ಬಂದಾಗ ಮೈಸೂರನ್ನು ಬಿಟ್ಟು ಹೋಗುವ ಹಾಗಿಲ್ಲ. 1945ರಲ್ಲಿ ವಾಲ್ಟರ್ ಲೆಗ್ ಅನ್ನುವವರು ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದರು. ವಾದಕರು ಒಳ್ಳೆಯವರು, ಕೈಯಲ್ಲಿ ಕಾಸಿಲ್ಲ. ಆಗ ಕೈ ಹಿಡಿದವರು ಜಯಚಾಮರಾಜೇಂದ್ರ ಒಡೆಯರ್. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಸಹಾಯ ಮಾಡಲು ಒಪ್ಪಿದರು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ ಕೃತಿಗಳನ್ನು ರಚಿಸಿದ ಇದೇ ದೊರೆ ಪಿಯಾನೊ ಕಲಿತವರು, ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ದೊಡ್ಡ ಸಂಗ್ರಹ ಇಟ್ಟುಕೊಂಡವರು. ರಷ್ಯಾದ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಿದ್ದೂ ಮೈಸೂರಿನ ದುಡ್ಡೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಟ್, ಕಂಡಕ್ಟರ್ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ. ಆ ಕಾರ್ಯಕ್ರಮದ ಹಿಂದೆ ನಿಂತವರೂ ನಮ್ಮ ಒಡೆಯರೇ. ಯುದ್ಧ ಮುಗಿದ ಮೇಲೆ ನಾತ್ಸಿ ಪಕ್ಷದ ನಂಟಿನಿಂದಾಗಿ ಕಾರ್ಯಕ್ರಮ ಕೊಡದಂತೆ ಕೆಲಕಾಲ ನಿಷೇಧಕ್ಕೆ ಒಳಗಾಗಿದ್ದ ಕರಾಯನ್ ಮತ್ತೆ ಯುರೋಪಿನಲ್ಲೆಲ್ಲ ಹೆಸರು ಮಾಡಲು ಮೆಟ್ಟಿಲಾಗಿದ್ದು ಕೂಡ ಇದೇ ಆರ್ಕೆಸ್ಟ್ರಾ. 1952ರಲ್ಲಿ ಅದನ್ನು ಕರೆದುಕೊಂಡು ಅವರು ಯುರೋಪ್ ಪ್ರವಾಸ ಮಾಡಿದರು. ಒಬ್ಬ ಕಂಡಕ್ಟರಿನ ಅಂತಾರಾಷ್ಟ್ರೀಯ ಬದುಕಿಗೆ ಎಲ್ಲೆಲ್ಲಿಂದ ನೀರು ಹರಿಯುತ್ತದೆ ನೋಡಿ.

ದುಡ್ಡು ಕೊಡುವವರ ಮಾತು ಹಾಗಿರಲಿ, ನುಡಿಸುವವರ ಮಾತು? ಇದು ಹೊರಗಿನವರಿಗೆ ಕಾಣದ ಭಾಗ. ವಿಯೆನ್ನಾ ಫಿಲ್ಹಾರ್ಮೋನಿಕ್ 1933ರಿಂದ ಕಾಯಂ ಕಂಡಕ್ಟರನ್ನೇ ಇಟ್ಟುಕೊಂಡಿಲ್ಲ. ವಾದಕರೇ ಸಂಘ ನಡೆಸುತ್ತಾರೆ, ತಮಗೆ ಬೇಕಾದವರನ್ನು ಕರೆಸಿಕೊಳ್ಳುತ್ತಾರೆ. ಜಗತ್ತೆಲ್ಲ ಟೀವಿಯಲ್ಲಿ ನೋಡುವ ಅವರ ಹೊಸವರ್ಷದ ಕಾರ್ಯಕ್ರಮಕ್ಕೆ ಮೆಹ್ತಾಗೆ ಐದು ಸಲ ಕರೆ ಬಂತು: 1990, 1995, 1998, 2007, 2015. ಪ್ರಶಸ್ತಿಗಳ ಪಟ್ಟಿಗಿಂತ ಇದು ಹೆಚ್ಚು ಹೇಳುತ್ತದೆ ಅಂತ ನನ್ನ ಅನಿಸಿಕೆ. ಬರ್ಲಿನ್ ಫಿಲ್ಹಾರ್ಮೋನಿಕ್ಕಿನವರು ತಮ್ಮ ಮುಖ್ಯಸ್ಥರನ್ನು ವೋಟು ಹಾಕಿ ಆರಿಸುತ್ತಾರೆ. 2015ರ ಮೇ ತಿಂಗಳಲ್ಲಿ ಒಂದು ಚರ್ಚಿನಲ್ಲಿ ಹನ್ನೊಂದು ಗಂಟೆ ಕೂತರೂ ಒಮ್ಮತ ಬರಲಿಲ್ಲ. ಹೊರಗೆ ಕಾದಿದ್ದ ವರದಿಗಾರರು ಬರಿಗೈಲಿ ಹೋದರು. ಮುಂದಿನ ತಿಂಗಳು ಕಿರಿಲ್ ಪೆಟ್ರೆಂಕೊ ಗೆದ್ದರು. ಪ್ರಚಾರ ಇಷ್ಟಪಡದ, ಸಂದರ್ಶನ ಕೊಡದ ಮನುಷ್ಯ. ವಾದಕರಿಗೆ ಬೇಕಾದದ್ದು ಪೋಸ್ಟರಿನ ಮುಖವಲ್ಲ ಅನ್ನುವುದು ಅಲ್ಲಿ ಸ್ಪಷ್ಟವಾಯಿತು. ರಿಹರ್ಸಲ್ಲಿನ ಮೊದಲ ಹತ್ತು ನಿಮಿಷದಲ್ಲೇ ಇವರಿಗೆ ಎಷ್ಟು ಗೊತ್ತು ಅಂತ ವಾದಕರು ಅಳೆದುಬಿಡುತ್ತಾರಂತೆ. ಅಳತೆಗೆ ಸಿಗದವರಿಗೆ ಎರಡನೇ ಸಲ ಕರೆ ಬರುವುದಿಲ್ಲ.

ಈ ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿಲ್ಲ. ವಿಯೆನ್ನಾ ಫಿಲ್ಹಾರ್ಮೋನಿಕ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಿದ್ದೇ 1997ರಲ್ಲಿ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದಕ್ಕೆ ಹೆಂಗಸೊಬ್ಬರು ಮುಖ್ಯಸ್ಥರಾಗಿದ್ದು 2007ರಲ್ಲಿ, ಬಾಲ್ಟಿಮೋರಿನಲ್ಲಿ ಮರಿನ್ ಆಲ್ಸಪ್. ಅಭ್ಯಾಸಕ್ಕೇ ನೂರು ಜನ ಬೇಕಾದ ವೃತ್ತಿಯಲ್ಲಿ ಮೊದಲ ಅವಕಾಶ ಸಿಗದಿದ್ದರೆ ಕಲಿಯುವುದೇ ನಿಂತುಹೋಗುತ್ತದೆ. ಪ್ರತಿಭೆಯ ಮಾತು ಆಮೇಲಿನದು.

ನಮ್ಮ ದೇಶದವರಿಗೂ ಇದೇ ತೊಡಕು. ಪಿಟೀಲು, ಪಿಯಾನೊ ಇಲ್ಲೇ ಕಲಿಯಬಹುದು. ಆದರೆ ವರ್ಷವಿಡೀ ನುಡಿಸುವ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಬಹುಕಾಲ ಇರಲೇ ಇಲ್ಲ. ಮೆಹ್ಲಿ ಮೆಹ್ತಾ ಕೂಡ ಕೊನೆಗೆ ದೇಶ ಬಿಟ್ಟು ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದಲ್ಲಿ ನುಡಿಸಿ, ಆಮೇಲೆ ಅಮೆರಿಕ ಸೇರಿದರು. ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿದ್ದು 2006ರಲ್ಲಿ. 2023ರಲ್ಲಿ, 87ರ ವಯಸ್ಸಿನಲ್ಲಿ, ಮೆಹ್ತಾ ಮುಂಬೈಗೆ ಬಂದು ಅದನ್ನು ನಡೆಸಿಕೊಟ್ಟರು.

ಪಾಸ್‌ಪೋರ್ಟ್ ಮತ್ತು ಬೇಟನ್

ಲಾಸ್ ಏಂಜಲೀಸ್ ಬಿಟ್ಟ ಮೇಲೆ ಮೆಹ್ತಾ 1978ರಿಂದ 1991ರವರೆಗೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ಕಿನ ಯಜಮಾನರಾಗಿದ್ದರು. ಹದಿಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ. ಪತ್ರಿಕೆಗಳ ವಿಮರ್ಶಕರು ಸಿಹಿಯಾಗೇನೂ ಇರಲಿಲ್ಲ. ಜೋರು ಹೆಚ್ಚು, ಆಳ ಕಡಿಮೆ ಅನ್ನುವ ದೂರು ಆಗಾಗ ಬರುತ್ತಿತ್ತು. 1981ರಲ್ಲಿ ರವಿಶಂಕರ್ ಅವರ ಎರಡನೇ ಸಿತಾರ್ ಕನ್ಸರ್ಟೊ (ಸಿತಾರ್ ಮತ್ತು ಆರ್ಕೆಸ್ಟ್ರಾ ಜೊತೆಯಾಗಿ ನುಡಿಸುವ ಕೃತಿ) ‘ರಾಗಮಾಲಾ’ ಮೊದಲ ಸಲ ಕೇಳಿಬಂದದ್ದು ಈ ಅವಧಿಯಲ್ಲೇ. ಇಟಲಿಯ ಫ್ಲಾರೆನ್ಸಿನ ಆರ್ಕೆಸ್ಟ್ರಾಕ್ಕೆ 1985ರಿಂದ 2017ರವರೆಗೆ ಮುಖ್ಯಸ್ಥರಾಗಿದ್ದರು. ಮ್ಯೂನಿಕ್ಕಿನ ಬವೇರಿಯನ್ ಸ್ಟೇಟ್ ಒಪೆರಾದಲ್ಲಿ 1998ರಿಂದ 2006ರವರೆಗೆ. 1990ರಲ್ಲಿ ರೋಮಿನ ಹಳೆಯ ಸ್ನಾನಗೃಹಗಳ ಅವಶೇಷದ ನಡುವೆ ಒಪೆರಾ ಗಾಯಕರಾದ ಪವರೊಟ್ಟಿ, ಡೊಮಿಂಗೊ, ಕರೇರಸ್ ಮೂವರೂ ಒಟ್ಟಿಗೆ ಹಾಡಿದರಲ್ಲ, ಅಲ್ಲಿ ಕಡ್ಡಿ ಹಿಡಿದವರೂ ಇವರೇ. ಸಿಂಫನಿ ಕೇಳದವರಿಗೂ ಅವರ ಮುಖ ಪರಿಚಯವಾಗಿದ್ದು ಆವಾಗ.

ಹೀಗೆ ಎರಡು ಮೂರು ಕಡೆ ಕೆಲಸ ಹಿಡಿಯುವುದು ಈಗಂತೂ ವಾಡಿಕೆ. ಆಂಡ್ರಿಸ್ ನೆಲ್ಸನ್ಸ್ ಬಾಸ್ಟನ್ ಮತ್ತು ಲೈಪ್ಜಿಗ್ ಎರಡನ್ನೂ ಒಟ್ಟಿಗೆ ನೋಡಿಕೊಂಡರು. 1996ರಲ್ಲಿ ಹುಟ್ಟಿದ ಫಿನ್ಲೆಂಡಿನ ಕ್ಲೌಸ್ ಮಾಕೆಲಾ ಕೈಗೆ 2027ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಶಿಕಾಗೊ ಎರಡೂ ಬರಲಿವೆ. ಆರ್ಕೆಸ್ಟ್ರಾಗಳಿಗೆ ದೊಡ್ಡ ಹೆಸರು ಬೇಕು, ಒಪ್ಪುತ್ತವೆ. ಆದರೆ ಒಂದು ಆರ್ಕೆಸ್ಟ್ರಾದ ನಾದ ಬದಲಾಗುವುದು ವಾರಗಟ್ಟಲೆ, ವರ್ಷಗಟ್ಟಲೆ ಜೊತೆಗಿದ್ದಾಗ. ವಿಮಾನದಿಂದ ಇಳಿದು, ನುಡಿಸಿ, ಮತ್ತೆ ಹತ್ತಿದರೆ ಆ ಊರಿನ ವಾದಕರಿಗೆ ಏನು ಉಳಿಯುತ್ತದೆ? ನನಗೆ ಈ ಪದ್ಧತಿಯ ಮೇಲೆ ಅನುಮಾನ ಇದೆ. ಮೆಹ್ತಾರ ಲೆಕ್ಕವನ್ನೇ ನೋಡಿದರೂ ಹೆಚ್ಚು ಗಟ್ಟಿಯಾಗಿ ನಿಂತಿದ್ದು ಅವರು ಜಾಸ್ತಿ ಕಾಲ ಕೂತ ಜಾಗವೇ.

ಆ ಜಾಗ ಇಸ್ರೇಲ್ ಫಿಲ್ಹಾರ್ಮೋನಿಕ್. ಯುರೋಪಿನಲ್ಲಿ ಕೆಲಸ ಕಳೆದುಕೊಂಡ ಯಹೂದಿ ವಾದಕರಿಗಾಗಿ 1936ರಲ್ಲಿ, ಮೆಹ್ತಾ ಹುಟ್ಟಿದ ವರ್ಷವೇ, ಬ್ರೋನಿಸ್ಲಾವ್ ಹ್ಯೂಬರ್ಮನ್ ಅನ್ನುವ ಪಿಟೀಲು ವಾದಕ ಕಟ್ಟಿದ ಆರ್ಕೆಸ್ಟ್ರಾ ಅದು. ಮೆಹ್ತಾ 1969ರಲ್ಲಿ ಅದರ ಸಲಹೆಗಾರರು, 1977ರಲ್ಲಿ ಮುಖ್ಯಸ್ಥರು, 1981ರಲ್ಲಿ ಜೀವನಪೂರ್ತಿ ಮುಖ್ಯಸ್ಥರು. 1967ರ ಯುದ್ಧದ ಹೊತ್ತಿನಲ್ಲಿ ಬೇರೆ ಕೆಲಸ ಬಿಟ್ಟು ಅಲ್ಲಿಗೆ ಹೋದರು. 1991ರ ಕೊಲ್ಲಿ ಯುದ್ಧದಲ್ಲೂ ಹೋದರು. ಜೆರುಸಲೆಮ್ಮಿನಲ್ಲಿ ಒಂದು ಕಾರ್ಯಕ್ರಮದ ನಡುವೆ ಸೈರನ್ ಕೂಗಿತು. ಪ್ರೇಕ್ಷಕರು ಗ್ಯಾಸ್ ಮಾಸ್ಕ್ ಹಾಕಿಕೊಂಡು ಕೂತರು. ಪಿಟೀಲಿನ ಐಸಾಕ್ ಸ್ಟರ್ನ್ ಒಬ್ಬರೇ ಬಂದು ಬಾಖ್ ನುಡಿಸಿದರು.

ಅಲ್ಲೇ ಅವರು ಏಟನ್ನೂ ತಿಂದರು. ಯಹೂದಿ ದ್ವೇಷ ಬರೆದವನು, ಹಿಟ್ಲರನಿಗೆ ಇಷ್ಟವಾದವನು ಅನ್ನುವ ಕಾರಣಕ್ಕೆ ಜರ್ಮನ್ ಸಂಯೋಜಕ ವಾಗ್ನರನ ಸಂಗೀತವನ್ನು ಆ ಆರ್ಕೆಸ್ಟ್ರಾ 1938ರಿಂದ ನುಡಿಸುತ್ತಿರಲಿಲ್ಲ. 1981ರಲ್ಲಿ ಮೆಹ್ತಾ ಕಾರ್ಯಕ್ರಮದ ಕೊನೆಯಲ್ಲಿ, ಬೇಡದವರು ಎದ್ದು ಹೋಗಬಹುದು ಅಂತ ಮೊದಲೇ ಹೇಳಿ, ವಾಗ್ನರನ ‘ಟ್ರಿಸ್ಟಾನ್’ ಒಪೆರಾದ ಒಂದು ಭಾಗ ಶುರು ಮಾಡಿದರು. ಹಾಲಿನಲ್ಲಿ ಕೂಗಾಟ ಎದ್ದಿತು. ನಾತ್ಸಿಗಳ ಕೈಯಿಂದ ಬದುಕುಳಿದು ಬಂದು ಅಲ್ಲೇ ಕೆಲಸಕ್ಕಿದ್ದವರೊಬ್ಬರು ವೇದಿಕೆಯ ಹತ್ತಿರ ಬಂದು ಅಂಗಿ ಬಿಚ್ಚಿ ಮೈಮೇಲಿನ ಗಾಯದ ಗುರುತು ತೋರಿಸಿದರು. ಮೆಹ್ತಾರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಯಾರ ನೋವಿಗೆ ಯಾವಾಗ ಮುಕ್ತಾಯ ಅಂತ ತೀರ್ಮಾನಿಸುವ ಹಕ್ಕು ಕಡ್ಡಿ ಹಿಡಿದವರಿಗೆ ಇದೆಯೇ?

ಊರೂರಿನ ಆರ್ಕೆಸ್ಟ್ರಾ ಕರೆದುಕೊಂಡು ತಿರುಗುವವರು ರಾಜಕೀಯದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1984ರಲ್ಲಿ ನ್ಯೂಯಾರ್ಕಿನವರ ಏಷ್ಯಾ ಪ್ರವಾಸದಲ್ಲಿ ಯಹೂದಿ ಸಂಯೋಜಕ ಬ್ಲಾಕ್ ಅವರ ಕೃತಿಯೊಂದನ್ನು ಬಿಡಿ ಅಂತ ಮಲೇಶಿಯಾ ಹೇಳಿತು. ಆರ್ಕೆಸ್ಟ್ರಾ ಮಲೇಶಿಯಾವನ್ನೇ ಬಿಟ್ಟಿತು. 1994ರಲ್ಲಿ ಮುತ್ತಿಗೆಯಲ್ಲಿದ್ದ ಸರಾಯೆವೊಗೆ ಹೋಗಿ, ಸುಟ್ಟುಹೋಗಿದ್ದ ರಾಷ್ಟ್ರೀಯ ಗ್ರಂಥಾಲಯದೊಳಗೆ ಮೆಹ್ತಾ ಸತ್ತವರ ನೆನಪಿನ ಪ್ರಾರ್ಥನಾ ಸಂಗೀತವಾದ ಮೊಜಾರ್ಟನ ‘ರಿಕ್ವಿಯಮ್’ ನಡೆಸಿದರು. 2013ರ ಸೆಪ್ಟೆಂಬರಿನಲ್ಲಿ ಶ್ರೀನಗರದ ಶಾಲಿಮಾರ್ ಬಾಗ್‌ನಲ್ಲಿ ಮ್ಯೂನಿಕ್ಕಿನ ಆರ್ಕೆಸ್ಟ್ರಾ ಮತ್ತು ಕಾಶ್ಮೀರದ ವಾದಕರ ಜೊತೆ ಕಾರ್ಯಕ್ರಮ ಕೊಟ್ಟರು. ಹೊರಗೆ ಬಂದ್, ಒಳಗೆ ಬಿಗಿ ಪಹರೆ, ಆಹ್ವಾನ ಇದ್ದವರಿಗಷ್ಟೇ ಪ್ರವೇಶ. ವಿರೋಧಿಸಿದವರು ಅದೇ ದಿನ ಬೇರೆ ಕಾರ್ಯಕ್ರಮವನ್ನೇ ಮಾಡಿದರು.

ಇಷ್ಟು ತಿರುಗಿದರೂ ಮೆಹ್ತಾ ಇಟ್ಟುಕೊಂಡಿದ್ದು ಭಾರತದ ಪಾಸ್‌ಪೋರ್ಟನ್ನೇ. 1966ರಲ್ಲಿ ಪದ್ಮಭೂಷಣ, 2001ರಲ್ಲಿ ಪದ್ಮವಿಭೂಷಣ ಬಂದವು. ಇಸ್ರೇಲಿನ ಹುದ್ದೆಯನ್ನು ಅವರು ಬಿಟ್ಟಿದ್ದು 2019ರ ಅಕ್ಟೋಬರಿನಲ್ಲಿ, 83ರ ವಯಸ್ಸಿನಲ್ಲಿ. ಆ ಹೊತ್ತಿಗೆ ಆ ಒಂದೇ ಆರ್ಕೆಸ್ಟ್ರಾದ ಜೊತೆ ಮೂರು ಸಾವಿರಕ್ಕೂ ಜಾಸ್ತಿ ಕಾರ್ಯಕ್ರಮ ಕೊಟ್ಟಿದ್ದರು.

ಅವರ ಜಾಗಕ್ಕೆ ಬಂದವರು 1989ರಲ್ಲಿ ಹುಟ್ಟಿದ ಲಹಾವ್ ಶಾನಿ. ಪಿಯಾನೊ ವಾದಕ, ಮೆಹ್ತಾರ ಹಾಗೆ ಡಬಲ್ ಬೇಸನ್ನೂ ಕಲಿತವರು, 2013ರಲ್ಲಿ ಬಾಂಬರ್ಗಿನ ಮಾಹ್ಲರ್ ಸ್ಪರ್ಧೆ ಗೆದ್ದವರು. 2026ರಿಂದ ಮ್ಯೂನಿಕ್ ಫಿಲ್ಹಾರ್ಮೋನಿಕ್ಕಿಗೂ ಅವರೇ ಮುಖ್ಯಸ್ಥರು ಅಂತ ಗೊತ್ತಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಮ್ಮಿನ ಗೆಂಟ್ ಉತ್ಸವದಲ್ಲಿ ಮ್ಯೂನಿಕ್ಕಿನವರ ಜೊತೆ ಅವರ ಕಾರ್ಯಕ್ರಮ ಇತ್ತು. ಗಾಜಾದ ಯುದ್ಧ ನಡೆಯುತ್ತಿರುವಾಗ ಇಸ್ರೇಲ್ ಆರ್ಕೆಸ್ಟ್ರಾದ ಮುಖ್ಯಸ್ಥರೊಬ್ಬರ ನಿಲುವು ಬೇಕಾದಷ್ಟು ಸ್ಪಷ್ಟವಾಗಿಲ್ಲ ಅಂತ ಉತ್ಸವದವರು ಅದನ್ನು ರದ್ದು ಮಾಡಿದರು. ಮ್ಯೂನಿಕ್ ನಗರ ಮತ್ತು ಆರ್ಕೆಸ್ಟ್ರಾ ಎರಡೂ ಶಾನಿಯ ಪರ ನಿಂತವು.